ದೊಡ್ಡಕ್ಕನ ಜೋಡಿ

"ಅಯ್ಯಯ್ಯಪ್ಪಾ!" ಎಂದು ಹುಚ್ಚಕ್ಕ ಕೈ ಕೊಡವಿಕೊಂಡಳು. ದೊಡ್ಡಕ್ಕನ ಕೋಲು ಹುಚ್ಚಕ್ಕನ ಕೋಲನ್ನು ತಪ್ಪಿಸಿಕೊಂಡು ನೇರವಾಗಿ ಅವಳ ಹೆಬ್ಬೆರಳಿಗೇ ಬಂದು ಬಡಿದಿತ್ತು. ಆ ಸಂಜೆಗೆ ಅದು ಮೂರನೆಯ ಪೆಟ್ಟು. ಶಾಲೆಯ ಅಂಗಳದಲ್ಲಿ ಎರಡು ಸಾಲಾಗಿ ನಿಂತಿದ್ದ ಎಂಟು ಹೆಂಗಸರೂ ಹಾಡು ನಿಲ್ಲಿಸಿದರು.

"ತಾಗಿತೇನೇ ಹುಚ್ಚೀ?" ಎಂದು ದೊಡ್ಡಕ್ಕ ಅರ್ಧ ಊರಿಗೆ ಕೇಳಿಸುವಂತೆ ಕೂಗಿದಳು. ಅವಳ ಕಿವಿ ಮಂದವಾದ ಮೇಲೆ ಅವಳು ಮಾತಾಡುವುದೆಲ್ಲ ಹೀಗೆಯೇ.

"ಇಲ್ಲ ಇಲ್ಲ, ಸುಮ್ನಿರು," ಎಂದು ಹುಚ್ಚಕ್ಕ ಬೆರಳನ್ನು ಬಾಯಲ್ಲಿಟ್ಟುಕೊಂಡಳು.

ಜಯಶೀಲಾ ಟೀಚರು ಹಣೆ ಒತ್ತಿಕೊಂಡರು. ಹೊಸದುರ್ಗದಿಂದ ಬಂದು ಈ ಊರಿನ ಶಾಲೆಗೆ ಸೇರಿ ಎರಡು ವರ್ಷವಾಗಿತ್ತು. ಹಿರಿಯೂರಿನಲ್ಲಿ ಮಹಿಳಾ ಸಂಘಗಳಿಗೆ ಜಾನಪದ ನೃತ್ಯ ಸ್ಪರ್ಧೆ ಇದೆಯೆಂದು ತಿಳಿದದ್ದೇ ತಡ, ಹಟ್ಟಿಯ ಹೆಂಗಸರ ಕೋಲಾಟಕ್ಕೆ ಹೆಸರು ಕೊಟ್ಟು ಬಂದವರು ಅವರೇ. ಒಳ್ಳೆಯ ಹುಡುಗಿ, ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಕೋಲಾಟ ಕಲಿತದ್ದು ಮೊಬೈಲಿನಲ್ಲಿ.

"ಮುಂದೆ ನೋಡ್ರಿ ಎಲ್ಲಾರೂ. ಜಡ್ಜುಗಳು ಮುಂದೆ ಕುಂತಿರ್ತಾರೆ. ಅವರಿಗೆ ನಿಮ್ಮ ಮುಖ ಕಾಣಬೇಕು, ಸ್ವಲ್ಪ ನಗ್ತಾ ಇರಬೇಕು. ಕೋಲು ಮಾತ್ರ ಪಕ್ಕಕ್ಕೆ. ದೊಡ್ಡಕ್ಕಾ, ಹುಚ್ಚಕ್ಕನ ಕಡೆ ತಿರುಗಬೇಡ್ರಿ!"

ಈ 'ಮುಂದೆ' ಎನ್ನುವುದೇ ತೊಂದರೆಯಾಗಿತ್ತು. ಹಟ್ಟಿಯ ಕೋಲಾಟಕ್ಕೆ ಮುಂದೂ ಇರಲಿಲ್ಲ, ಹಿಂದೂ ಇರಲಿಲ್ಲ. ಸುತ್ತು ಕಟ್ಟಿಕೊಂಡು, ಜೋಡಿಗೆ ಜೋಡಿ ಮುಖಾಮುಖಿ ನಿಂತು ಹೊಡೆಯುವುದು. ನೋಡುವವರು ಎಲ್ಲಿ ಬೇಕಾದರೂ ನಿಂತು ನೋಡಿಕೊಳ್ಳಲಿ, ಅದು ಅವರ ಪಾಡು. ಹುಚ್ಚಕ್ಕ, ದೊಡ್ಡಕ್ಕ ಇಬ್ಬರೂ ಒಂದೇ ವರ್ಷ ಈ ಹಟ್ಟಿಗೆ ಸೊಸೆಯರಾಗಿ ಬಂದು, ಅದೇ ವರ್ಷದ ಗೌರಿ ಹಬ್ಬದಲ್ಲಿ ಜೋಡಿಯಾದವರು. ಮೂವತ್ತೊಂದು ವರ್ಷದಲ್ಲಿ ಹಬ್ಬ ತಪ್ಪಿರಬಹುದು, ಜೋಡಿ ತಪ್ಪಿರಲಿಲ್ಲ. ಆರು ವರ್ಷದ ಹಿಂದೆ ಒಂದು ಕೆಟ್ಟ ಜ್ವರ ದೊಡ್ಡಕ್ಕನ ಕಿವಿಯನ್ನು ತಿಂದುಹಾಕಿತು. ಆಗಲೂ ಕೋಲು ತಪ್ಪಲಿಲ್ಲ. ಹುಚ್ಚಕ್ಕ ಹಾಡುವಾಗ ಅವಳ ಹುಬ್ಬು, ಗಲ್ಲ, ಕತ್ತು ಎಲ್ಲವೂ ಹಾಡುತ್ತಿದ್ದವು. ದೊಡ್ಡಕ್ಕ ಅದನ್ನು ನೋಡಿಯೇ ತಾಳ ಹಿಡಿಯುತ್ತಿದ್ದಳು. ಈಗ ಆ ಮುಖವನ್ನು ಜಡ್ಜಿನ ಕಡೆಗೆ ತಿರುಗಿಸಿಬಿಟ್ಟರೆ ಅವಳಿಗೆ ಉಳಿಯುವುದೇನು?

ಅಭ್ಯಾಸ ಮುಗಿದ ಮೇಲೆ ಟೀಚರು ಹುಚ್ಚಕ್ಕನನ್ನು ನಲ್ಲಿಯ ಹತ್ತಿರ ಕರೆದರು.

"ಬೇಜಾರು ಮಾಡ್ಕಬೇಡ್ರಿ. ದೊಡ್ಡಕ್ಕ ಇದ್ರೆ ಆಗಲ್ಲ. ನಿಮ್ಮ ಸೊಸೆ ರಂಜಿತಾಗೆ ಹೇಳಿದ್ದೀನಿ, ಅವಳು ಚೆನ್ನಾಗಿ ಮಾಡ್ತಾಳೆ. ದೊಡ್ಡಕ್ಕಗೆ ನೀವೇ ಒಂದು ಮಾತು ತಿಳಿಸಿಬಿಡ್ರಿ. ನೀವು ಹೇಳಿದ್ರೆ ಕೇಳ್ತಾರೆ."

"ಆಗಲಿ," ಎಂದುಬಿಟ್ಟಳು ಹುಚ್ಚಕ್ಕ. ಹಾಗೆ ಅಂದದ್ದು ಯಾಕೆಂದು ಮನೆಗೆ ಹೋಗುವ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಟೀಚರು ಹೇಳಿದ್ದು ಸುಳ್ಳೇನಲ್ಲ. ಅವಳಿಗೂ ಗೆಲ್ಲಬೇಕೆಂಬ ಆಸೆ ಇತ್ತು, ಇಲ್ಲವೆಂದರೆ ದೇವರು ಮೆಚ್ಚುವುದಿಲ್ಲ. ಹಟ್ಟಿ ಬಿಟ್ಟು ಬೇರೆ ಕಡೆ ಅವಳು ಕೋಲು ಹಿಡಿದವಳೇ ಅಲ್ಲ. ಹಿರಿಯೂರಿನ ಜನ ತನ್ನ ಹಾಡು ಕೇಳುತ್ತಾರೆಂದರೆ ಖುಷಿಯಾಗುತ್ತಿತ್ತು, ಮರುಕ್ಷಣವೇ ಹೆದರಿಕೆಯಾಗುತ್ತಿತ್ತು.

ಮನೆಯಲ್ಲಿ ರಂಜಿತಾ ಸಂಜೆಯಾದರೆ ಹಿತ್ತಿಲಲ್ಲಿ ಒಬ್ಬಳೇ ಹೆಜ್ಜೆ ಹಾಕುತ್ತಿದ್ದಳು. ಹುಚ್ಚಕ್ಕ ಮುದ್ದೆಯನ್ನು ಮುರಿದು ಹಾಗೇ ಬಿಡುತ್ತಿದ್ದಳು. ಕುರಿ ಮೇಯಿಸಿಕೊಂಡು ಬಂದ ಗಂಡ ಸಣ್ಣಪ್ಪ ತಟ್ಟೆಯ ಮುಂದೆ ಕೂತು ಅವಳನ್ನೇ ನೋಡಿದ.

"ಏನೇ, ಆ ಜಡ್ಜುಗಳೇನು ತೋಳಗಳಾ? ಹಿಂಗ್ಯಾಕೆ ಬೆದರಿದೀಯ?"

"ನಿಮಗೇನು ಗೊತ್ತು, ಸುಮ್ನೆ ಉಣ್ರಿ."

"ಅಲ್ಲ, ಮೂವತ್ತು ವರ್ಷದಿಂದ ನನ್ನ ಹೆದರಿಸ್ಕಂಡು ಬಂದೋಳು ನೀನು. ಇನ್ನು ಆ ಮೂರು ಜನಕ್ಕೆ ಹೆದರ್ತೀಯ ಅಂದ್ರೆ ನನಗೇ ಅವಮಾನ ಕಣೆ," ಎಂದ ಸಣ್ಣಪ್ಪ. ರಂಜಿತಾ ಕಿಸಕ್ಕನೆ ನಕ್ಕಳು. ಹುಚ್ಚಕ್ಕನಿಗೆ ನಗು ಬರಲಿಲ್ಲ.

ಒಂದೊಂದೇ ದಿನ ಮುಂದೂಡುತ್ತ ಶನಿವಾರ ಬಂತು. ಮರುದಿನವೇ ಸ್ಪರ್ಧೆ, ಇನ್ನು ತಡಮಾಡುವಂತಿಲ್ಲವೆಂದು ಹುಚ್ಚಕ್ಕ ಗಟ್ಟಿ ಮನಸ್ಸು ಮಾಡಿ ದೊಡ್ಡಕ್ಕನ ಮನೆಗೆ ಹೋದಳು. ದೊಡ್ಡಕ್ಕ ಹಸಿರು ಸೀರೆಯನ್ನು ನೀಟಾಗಿ ಮಡಿಸಿ, ಮೇಲೆ ಟ್ರಂಕು ಹೇರಿ, ಟ್ರಂಕಿನ ಮೇಲೆ ತಾನೇ ಹತ್ತಿ ಕುಳಿತಿದ್ದಳು.

"ಇಸ್ತ್ರಿ ಮಾಡ್ತಿದೀನಿ ಕಣೇ," ಎಂದು ಕೂಗಿ ನಕ್ಕಳು. "ಬಾ, ನೀನೂ ಹತ್ತಿ ಕುಂತ್ಕ, ಇನ್ನೂ ಚೆನ್ನಾಗಿ ಗೆರೆ ಬೀಳ್ತೈತೆ."

ಹುಚ್ಚಕ್ಕ ಹತ್ತಿ ಕುಳಿತಳು. ಇಬ್ಬರ ಭಾರಕ್ಕೆ ಟ್ರಂಕು ಕಿರುಗುಟ್ಟಿತು. ಹೇಳಬೇಕಾದ ಮಾತನ್ನು ದಾರಿಯಲ್ಲಿ ಹತ್ತು ಸಲ ಜೋಡಿಸಿಕೊಂಡು ಬಂದಿದ್ದಳು. ಆದರೆ ಕಿವಿ ಕೇಳದವರಿಗೆ ಇಂಥ ಮಾತನ್ನು ಕೂಗಿ ಹೇಳಬೇಕು. ಕೂಗಿ ಹೇಳುವುದು ಹೇಗೆ? ಅವಳು ಬೆರಳಿಗೆ ಸೆರಗು ಸುತ್ತುತ್ತ ಕುಳಿತದ್ದನ್ನು ನೋಡಿ ದೊಡ್ಡಕ್ಕ ತಾನೇ ಬಾಯಿ ಬಿಟ್ಟಳು. ಎಂದೂ ಇಲ್ಲದಷ್ಟು ಮೆಲ್ಲಗೆ ಕೇಳಿದಳು.

"ಟೀಚರಮ್ಮ ನನ್ನ ಬಿಡಾಣ ಅಂದ್ರಾ?"

ಹುಚ್ಚಕ್ಕ ಗೋಡೆ ನೋಡಿದಳು, ಸೂರು ನೋಡಿದಳು.

"ಬಸ್ಸು ಎಂಟೂವರೆಗಂತೆ!" ಎಂದು ಕೂಗಿದಳು.

"ಎಂಟೂವರೆಗಾ? ಹಂಗಾರೆ ಬೆಳಿಗ್ಗೆ ಬೇಗ ತಲಿ ಬಾಚ್ಕಬೇಕು," ಎಂದಳು ದೊಡ್ಡಕ್ಕ. ಮುಖ ಅರಳಿತು.

ಹೀಗಾಗಿ ಭಾನುವಾರ ಬಸ್ಸು ಹತ್ತಿದವರು ಎಂಟಲ್ಲ, ಹಸಿರು ಸೀರೆಯ ಒಂಬತ್ತು ಹೆಂಗಸರು. ಟೀಚರು ಕಣ್ಣಿನಲ್ಲೇ ಕೇಳಿದರು. ಹುಚ್ಚಕ್ಕ ಕಿಟಕಿಯ ಕಡೆ ತಿರುಗಿದಳು. ರಂಜಿತಾಳನ್ನು ಕಂಡು ದೊಡ್ಡಕ್ಕ, "ಇವಳೂ ಬಂದ್ಲಾ? ಒಳ್ಳೇದಾತು ಬಿಡು, ನೀರು ಗೀರು ಹಿಡ್ಕಳಕೆ ಒಬ್ರು ಬೇಕಿತ್ತು," ಎಂದಾಗ ಇಡೀ ಬಸ್ಸಿಗೆ ಕೇಳಿಸಿತು. ಆ ಹುಡುಗಿ ಮೂಗು ಕೆಂಪಗೆ ಮಾಡಿಕೊಂಡು ಅತ್ತೆಯನ್ನು ನೋಡಿದಳು. ಇಬ್ಬರಿಗೂ ದ್ರೋಹ ಮಾಡಿದೆನಲ್ಲ ಎಂದು ಹುಚ್ಚಕ್ಕ ಕುದ್ದುಹೋದಳು.

ಹಿರಿಯೂರಿನ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ವೇದಿಕೆ ಚಿಕ್ಕದಾದ್ದರಿಂದ ಗುಂಪು ನೃತ್ಯಕ್ಕೆ ಕೆಳಗೆ ನೆಲದ ಮೇಲೆಯೇ ಸುಣ್ಣದ ಗೆರೆ ಎಳೆದು ಚೌಕ ಮಾಡಿದ್ದರು. ಒಂದು ಬದಿಯಲ್ಲಿ ಮೇಜು, ಮೂವರು ತೀರ್ಪುಗಾರರು, ಅವರ ಹಿಂದೆ ಸಾಲು ಕುರ್ಚಿ, ಜನ. ಉಳಿದ ಮೂರು ಕಡೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಮೊದಲ ತಂಡದವರು ಹಲ್ಲು ಕಾಣುವಂತೆ ನಗುತ್ತ, ಎಲ್ಲರೂ ಒಂದೇ ಸಲ ಕೈ ಎತ್ತಿ, ಒಂದೇ ಸಲ ಇಳಿಸಿದರು. ಜನ ಚಪ್ಪಾಳೆ ಹೊಡೆದರು. ಹುಚ್ಚಕ್ಕ ಎರಡು ಸಲ ಹೋಗಿ ನೀರು ಕುಡಿದು ಬಂದಳು.

"ಹೇಳಿದ್ರಾ?" ಎಂದು ಟೀಚರು ಪಿಸುಗುಟ್ಟಿದರು.

"ಹೇಳ್ತೀನಿ."

"ಇನ್ಯಾವಾಗ್ರಿ? ಮುಂದಿನ ಹೆಸರೇ ನಮ್ಮದು!"

ಮೈಕಿನಲ್ಲಿ ಹಟ್ಟಿಯ ಹೆಸರು ಕೂಗಿದರು. ರಂಜಿತಾ ಕೋಲು ಹಿಡಿದು ಮುಂದೆ ಬಂದಳು. ಇನ್ನೊಂದು ಕಡೆಯಿಂದ ದೊಡ್ಡಕ್ಕ ಸೆರಗು ಸಿಕ್ಕಿಸಿಕೊಂಡು ಬಂದು, ಮೂವತ್ತೊಂದು ವರ್ಷ ನಿಂತ ಹಾಗೆಯೇ ಹುಚ್ಚಕ್ಕನ ಜೋಡಿಯಾಗಿ ನಿಂತಳು.

ಹುಚ್ಚಕ್ಕ ಸೊಸೆಯ ಕೈ ಹಿಡಿದಳು. "ನೀನು ಚೆನ್ನಾಗೇ ಮಾಡ್ತೀಯ ಮಗಾ. ನಿನ್ನ ತಪ್ಪೇನೂ ಇಲ್ಲ. ಆದ್ರೆ ಅವಳು ಇಲ್ದೆ ನನ್ನ ಬಾಯಾಗೆ ಹಾಡು ಏಳಲ್ಲ."

"ಒಂದು ವಾರ ಕಲ್ತಿದೀನಿ ಅತ್ತೆ," ಎಂದಳು ರಂಜಿತಾ. ಕಣ್ಣು ತುಂಬಿತ್ತು. ಕೋಲು ಕೆಳಗಿಳಿಸಿ ಹಿಂದೆ ಸರಿದಳು. ಟೀಚರು ಕೈ ಚೆಲ್ಲಿ ಕುರ್ಚಿಯ ಮೇಲೆ ಕುಸಿದರು.

ಕಲಿಸಿದ ಹಾಗೆ ಎರಡು ಸಾಲಾಗಿ ನಿಂತರು. ಹುಚ್ಚಕ್ಕ ಮುಂದೆ ನೋಡಿದಳು. ಅಬ್ಬಾ, ಎಷ್ಟು ಕಣ್ಣು! ಹಾಡು ಎತ್ತಿದಳು, ದನಿ ನಡುಗಿ ತೆಳ್ಳಗೆ ಹೊರಬಂತು. ಮೊದಲ ಪೆಟ್ಟು ಹೇಗೋ ಕೂಡಿತು. ಎರಡನೆಯದಕ್ಕೆ ದೊಡ್ಡಕ್ಕನ ಕೋಲು ಗಾಳಿಗೆ ಹೊಡೆಯಿತು. ಮೂರನೆಯದು ಹುಚ್ಚಕ್ಕನ ಮೊಣಕೈಗೆ ಬಿತ್ತು. ಹಿಂದಿನ ಕುರ್ಚಿಗಳಿಂದ ಯಾರೋ ನಕ್ಕರು. ಒಬ್ಬ ತೀರ್ಪುಗಾರರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ಓರೆಗಣ್ಣಿನಲ್ಲಿ ನೋಡಿದರೆ ದೊಡ್ಡಕ್ಕನ ತುಟಿ ಅದುರುತ್ತಿತ್ತು. ಆದರೂ ಹೇಳಿಕೊಟ್ಟ ಹಾಗೆ ಮುಂದೆಯೇ ನೋಡುತ್ತ, ಪಾಪ, ನಗಲು ಹೆಣಗುತ್ತಿದ್ದಳು.

ಆ ನಗುವನ್ನು ಹುಚ್ಚಕ್ಕನಿಂದ ನೋಡಲಾಗಲಿಲ್ಲ. ನಿಂತ ಕಾಲಲ್ಲೇ ಗರಕ್ಕನೆ ತಿರುಗಿದಳು. ಜಡ್ಜಿಗೆ, ಮೇಜಿಗೆ, ಮೈಕಿಗೆ, ಅಷ್ಟೂ ಜನಕ್ಕೆ ಬೆನ್ನು ಹಾಕಿ ದೊಡ್ಡಕ್ಕನ ಎದುರಿಗೆ ಹೋಗಿ ನಿಂತಳು. "ನನ್ನ ನೋಡೇ!" ಎಂದಳು. ಕೇಳಿಸಿತೋ ಇಲ್ಲವೋ, ದೊಡ್ಡಕ್ಕ ನೋಡಿದಳು. ಹುಚ್ಚಕ್ಕನ ಗಂಟಲು ಬಿಚ್ಚಿಕೊಂಡಿತು. ಹಬ್ಬದ ದಿನದ ದನಿಯಲ್ಲಿ ಹಾಡನ್ನು ಮೊದಲಿನಿಂದ ಎತ್ತಿದಳು.

ಠಣ್ ಎಂದು ಕೋಲು ಕೂಡಿತು.

ಉಳಿದ ಆರು ಜನಕ್ಕೆ ಯಾರೂ ಏನೂ ಹೇಳಬೇಕಾಗಲಿಲ್ಲ. ಸಾಲು ಒಡೆದು ಸುತ್ತಾಯಿತು. "ಮುಂದೆ! ಮುಂದೆ ತಿರುಗ್ರೀ!" ಎಂದು ಟೀಚರು ಎರಡು ಸಲ ಕೂಗಿ ಸುಮ್ಮನಾದರು. ಎಂಟು ಜೊತೆ ಕೋಲು ಒಂದೇ ಕೋಲಿನಂತೆ ಬೀಳುತ್ತಿದ್ದವು. ಗತಿ ಏರಿತು. ಹುಚ್ಚಕ್ಕನಿಗೆ ಬೆವರು ಕಣ್ಣಿಗೆ ಇಳಿದು ಉರಿಯುತ್ತಿತ್ತು, ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಹೆದರಿಕೆ ಎತ್ತ ಹೋಯಿತೋ ತಿಳಿಯಲಿಲ್ಲ. ಅವಳಿಗೆ ಸಂತೋಷವಾಗಿತ್ತು, ಬರೀ ಸಂತೋಷ.

ದೊಡ್ಡಕ್ಕನ ಭುಜದ ಆಚೆಗೆ, ಖಾಲಿಯಿದ್ದ ಬಿಸಿಲಿನಲ್ಲಿ ಯಾರೋ ಓಡಾಡಿದಂತೆ ಕಂಡಿತು. ಮೊದಲು ನಾಲ್ಕೈದು ಮಕ್ಕಳು ಬಂದು ಗೆರೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತವು. ಅವುಗಳ ಹಿಂದೆ ರಂಜಿತಾ ಬಂದು ನಿಂತಳು, ಅವಳ ಕಾಲು ನಿಂತಲ್ಲೇ ತಾಳ ಹಾಕುತ್ತಿತ್ತು. ಆಮೇಲೆ ಮುಂದಿನ ಕುರ್ಚಿಗಳಲ್ಲಿದ್ದ ಹೆಂಗಸರು ಸೆರಗು ತಲೆಯ ಮೇಲೆ ಎಳೆದುಕೊಂಡು ಒಬ್ಬೊಬ್ಬರಾಗಿ ಸುತ್ತಿ ಬಂದರು. ಅವರ ನಡುವಿನಿಂದ, ಮೇಜಿನ ಹಿಂದೆ ಕುಳಿತಿದ್ದ ಕನ್ನಡಕದ ಹಿರಿಯ ತೀರ್ಪುಗಾರ್ತಿ ಬರುತ್ತಿದ್ದರು. ಅಂಕದ ಹಾಳೆ ಕಂಕುಳಲ್ಲಿತ್ತು, ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ ಎತ್ತಿ ಹಿಡಿದಿದ್ದರು. ಮಕ್ಕಳು ಸರಿದು ಜಾಗ ಬಿಟ್ಟವು. ಅವರು ಬಿಸಿಲಿನಲ್ಲಿಯೇ ಕುರ್ಚಿ ಹಾಕಿ, ಕೋಲಾಡುವವರ ಮುಖ ಕಾಣುವ ಹಾಗೆ ಸ್ವಲ್ಪ ಓರೆಗೆ ತಿರುಗಿಸಿ, ಕುಳಿತುಕೊಂಡರು.