ನಕ್ಷತ್ರದ ಮೋಡಕ್ಕೆ ಬಣ್ಣ ಹಾಕಿದವ

"ಇದಕ್ಕೆ ಬಣ್ಣ ಹಾಕಿದವ ಯಾರು?" ಎಂದು ಮೋನಪ್ಪನವರು ಕೇಳಿದಾಗ ಮೊಮ್ಮಗಳು ನಿಖಿತಾ ಚಾರ್ಟಿನ ನಾಲ್ಕನೆಯ ಮೂಲೆಗೆ ಅಂಟು ಹಚ್ಚುತ್ತಿದ್ದಳು.

ಊಟದ ಮೇಜಿನ ತುಂಬ ಆ ಚಿತ್ರ ಹರಡಿಕೊಂಡಿತ್ತು. ಕೆಳಗೆ ಕಂದು ಬೆಟ್ಟಗಳ ಸಾಲಿನಂಥದ್ದು, ಅದರ ಮೇಲೆ ಹೊಗೆಯಾಡುವ ಅಂಚು, ಅಂಚಿನಾಚೆ ನೀಲಿ, ನೀಲಿಯ ತುಂಬ ನಕ್ಷತ್ರ. ಬಾಹ್ಯಾಕಾಶದ ಹೊಸ ದೂರದರ್ಶಕ ತೆಗೆದದ್ದು, ನಕ್ಷತ್ರಗಳು ಹುಟ್ಟುವ ಮೋಡ, ಇಲ್ಲಿಂದ ಏಳೂವರೆ ಸಾವಿರ ಜ್ಯೋತಿರ್ವರ್ಷ ದೂರ ಎಂದು ನಿಖಿತಾ ಬೆಳಗ್ಗೆಯಿಂದ ಮನೆಯವರಿಗೆಲ್ಲ ಹೇಳಿ ಮುಗಿಸಿದ್ದಳು. ಅಜ್ಜಿ ವಿಮಲಾ ಒಂದು ಸಲ ನೋಡಿ, "ಬೇಸಿಗೆಯಲ್ಲಿ ಚಾರ್ಮಾಡಿ ಘಾಟಿ ಹೀಗೇ ಕಾಣುವುದು," ಎಂದು ಒಳಗೆ ಹೋಗಿದ್ದರು. ಮೋನಪ್ಪನವರು ಮಾತ್ರ ಭೂತಗನ್ನಡಿ ತಂದು ಅರ್ಧ ಗಂಟೆಯಿಂದ ಬೆಟ್ಟದ ಅಂಚಿಗೇ ಮೂಗು ತಾಗಿಸಿ ಕುಳಿತಿದ್ದರು.

"ಯಾರೂ ಹಾಕಿಲ್ಲ ತಾತಾ. ರಿಯಲ್ ಫೋಟೋ ಇದು."

"ಫೋಟೋ ಅಂತ ನನಗೆ ಗೊತ್ತುಂಟು. ಬಣ್ಣ ಯಾರದ್ದು ಅಂತ ಕೇಳಿದ್ದು. ಇಲ್ಲಿ ನೋಡು, ಈ ಕಂದು ನೀಲಿಗೆ ಸೇರುವ ಜಾಗ. ಅಂಚು ಬೋಳಾಗಿ ಬಿಡ್ಲಿಕ್ಕೆ ಮನಸ್ಸು ಬಾರದವ ಮಾಡಿದ ಕೆಲಸ ಇದು. ಇದರಲ್ಲಿ ಕೈ ಉಂಟು."

"ಅಪ್ಪಾ," ಎಂದು ನಿಖಿತಾ ಸೋಫಾದ ಕಡೆ ತಿರುಗಿ ತಮಿಳಿನಲ್ಲಿ ದೂರು ಕೊಟ್ಟಳು.

ಚರಣ್ ಮೊಬೈಲಿನಿಂದ ತಲೆ ಎತ್ತಲಿಲ್ಲ. "ನಿನ್ನ ತಾತನಿಗೆ ಮರೀನಾ ಬೀಚಿನಲ್ಲಿ ಸೂರ್ಯ ಹುಟ್ಟುವುದು ನೋಡಿದ್ರೂ ಬ್ರಶ್ಶಿನ ಗುರುತು ಕಾಣ್ತದೆ. ನೀನು ಅಂಟಿಸು."

ಚರಣ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೋನಪ್ಪ ಬೆಳ್ತಂಗಡಿಯಿಂದ ಹದಿನಾರನೆಯ ವಯಸ್ಸಿಗೆ ಮದ್ರಾಸಿಗೆ ಬಂದದ್ದು ಟಿ. ನಗರದ ಒಂದು ಉಡುಪಿ ಹೋಟೆಲಿನಲ್ಲಿ ಮೇಜು ಒರೆಸಲಿಕ್ಕೆ. ಅಂದಂದಿನ ತಿಂಡಿಯ ಹೆಸರು ಬರೆಯುವ ಕಪ್ಪು ಹಲಗೆಯ ಮೂಲೆಯಲ್ಲಿ ಅವರು ಗಿರಾಕಿಗಳ ಮುಖ ಬಿಡಿಸುತ್ತಿದ್ದರು. ಕಾಫಿಗೆ ಬರುತ್ತಿದ್ದ ಮೇಲಿನ ಮಾಳಿಗೆಯ ಫೋಟೋ ಸ್ಟುಡಿಯೋ ಮಾಲೀಕ ಒಂದು ದಿನ ಅಲ್ಲಿ ತನ್ನದೇ ಮೂಗು ಕಂಡು, ಸಿಟ್ಟಾಗುವುದರ ಬದಲು ಹುಡುಗನನ್ನೇ ಮೇಲೆ ಕರೆದುಕೊಂಡು ಹೋದ. ಆಮೇಲೆ ಹದಿನೈದು ವರ್ಷ ಕಪ್ಪು ಬಿಳುಪು ಫೋಟೋಗಳಿಗೆ ಕೈಯಲ್ಲಿ ಬಣ್ಣ ಹಾಕುವುದೇ ಮೋನಪ್ಪನವರ ಕೆಲಸ. ಕಲರ್ ಫಿಲ್ಮು ಬಂದ ಮೇಲೆ ಬಣ್ಣ ಹಚ್ಚುವ, ಕಡ್ಡಿಗೆ ಸುತ್ತಿದ ಹತ್ತಿಯನ್ನು ಕೆಳಗಿಟ್ಟು, ನಿವೃತ್ತಿಯವರೆಗೆ ಪಾಸ್‌ಪೋರ್ಟ್ ಫೋಟೋ ತೆಗೆದರು. "ಮದ್ರಾಸಿನ ಅರ್ಧ ಮದುಮಗಳಂದಿರ ತುಟಿಗೆ ಕೆಂಪು ಹಚ್ಚಿದ್ದು ನಾನೇ," ಎಂದು ಒಮ್ಮೆ ವಿಮಲಾರ ತಮ್ಮನ ಎದುರು ಹೇಳಿ, ಎರಡು ದಿನ ಕಾಫಿ ಇಲ್ಲದೆ ಕಳೆದಿದ್ದರು.

ಶಾಲೆಯ ವಿಜ್ಞಾನ ಪ್ರದರ್ಶನ ಎರಡು ದಿನದ್ದು, ಶುಕ್ರವಾರ ಮತ್ತು ಶನಿವಾರ. ಮನೆಯವರೂ ಬರಬಹುದಿತ್ತು. ಚರಣನಿಗೆ ಬ್ಯಾಂಕಿನಲ್ಲಿ ರಜೆ ಇರಲಿಲ್ಲವಾದ್ದರಿಂದ ಮೋನಪ್ಪನವರು ಹೊರಟರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಭೂತಗನ್ನಡಿ.

"ತಾತಾ, ಪ್ರಾಮಿಸ್ ಮಾಡಿ. ಯಾರಿಗೂ ಕ್ವೆಶ್ಚನ್ ಕೇಳಬಾರದು."

"ನಾನು ಎಂತ ಕೇಳ್ಲಿಕ್ಕುಂಟು?"

ಪ್ರದರ್ಶನದ ಹಾಲಿನಲ್ಲಿ ನಿಖಿತಾಳ ಮೇಜಿಗೆ ಸಿಕ್ಕಿದ್ದು ಚರಂಡಿ ನೀರು ಶುದ್ಧ ಮಾಡುವ ಮಾದರಿ ಮತ್ತು ಕೈಕುಲುಕುವ ರೋಬೋಟ್ ಇವೆರಡರ ನಡುವಿನ ಜಾಗ. ಒಂದು ಕಡೆ ಗುಳುಗುಳು ಶಬ್ದ, ಇನ್ನೊಂದು ಕಡೆ ಕಿರ್ರೆನ್ನುವ ಶಬ್ದ. ನಡುವೆ ಅವಳ ಮೋಡ ಸದ್ದಿಲ್ಲದೆ ಗೋಡೆಯ ಮೇಲಿತ್ತು. ಅದರ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಅವಳು ಬರೆದಿದ್ದಳು: ನಿಜವಾದ ಫೋಟೋ, ನಿಜವಾದ ಬಣ್ಣಗಳು. ಬಂದವರಿಗೆಲ್ಲ ಅದನ್ನು ಬಾಯಲ್ಲೂ ಹೇಳುತ್ತಿದ್ದಳು. ಕೇಳಿದವರು ಅಬ್ಬಾ ಎನ್ನುತ್ತಿದ್ದರು, ರೋಬೋಟಿನ ಕೈ ಕುಲುಕಲು ಹೋಗುತ್ತಿದ್ದರು.

ಮಧ್ಯಾಹ್ನ ಪರೀಕ್ಷಕರು ಬಂದರು. ಬದರಿನಾಥ ಎಂದು ಹೆಸರು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅಷ್ಟು ಹೊತ್ತಿಗೆ ಹನ್ನೊಂದು ಜ್ವಾಲಾಮುಖಿಗಳನ್ನು ನೋಡಿ ಬಂದಿದ್ದರಿಂದ ಮುಖದಲ್ಲಿ ದಣಿವಿತ್ತು. ನಿಖಿತಾ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಅವರು ತಲೆಯಾಡಿಸಿ ಪಟ್ಟಿಯಲ್ಲಿ ಅಂಕ ಬರೆಯಲು ಪೆನ್ನು ತೆಗೆದರು. ಮೋನಪ್ಪನವರು ತುಟಿ ಬಿಗಿದು ಚಾವಣಿಯ ಫ್ಯಾನು ನೋಡಿದರು, ನೆಲ ನೋಡಿದರು, ಮತ್ತೆ ಬೆಟ್ಟದ ಅಂಚು ನೋಡಿದರು.

"ಸಾರ್, ಒಂದೇ ಒಂದು ಸಂಶಯ," ಎಂದರು ತಮಿಳಿನಲ್ಲಿ. "ಇದಕ್ಕೆ ಬಣ್ಣ ಹಾಕಿದವರು ಯಾರು?"

ನಿಖಿತಾ ಕಣ್ಣು ಮುಚ್ಚಿಕೊಂಡಳು.

ಬದರಿನಾಥರ ಮುಖ ಆ ದಿನ ಮೊದಲ ಸಲ ಅರಳಿತು. "ಒಳ್ಳೆಯ ಪ್ರಶ್ನೆ ಕೇಳಿದಿರಿ," ಎಂದು ಪೆನ್ನು ಜೇಬಿಗಿಟ್ಟು ಕುರ್ಚಿ ಎಳೆದುಕೊಂಡರು. ಈ ದೂರದರ್ಶಕ ಹಿಡಿಯುವ ಬೆಳಕು ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ, ಕೆಂಪಿಗಿಂತಲೂ ಆಚೆಯದ್ದು. ಅದು ಭೂಮಿಗೆ ಕಳಿಸುವುದು ಕಪ್ಪು ಬಿಳುಪು ಚಿತ್ರವನ್ನೇ, ಬೇರೆ ಬೇರೆ ಫಿಲ್ಟರಿನಲ್ಲಿ ತೆಗೆದ ಹಲವು ಚಿತ್ರ. ಆಮೇಲೆ ಮನುಷ್ಯರು ಕುಳಿತು, ಉದ್ದದ ಅಲೆಗೆ ಕೆಂಪು, ಗಿಡ್ಡ ಅಲೆಗೆ ನೀಲಿ ಎಂದು ಕ್ರಮವಾಗಿ ಬಣ್ಣ ಕೊಟ್ಟು ಒಂದರ ಮೇಲೊಂದು ಕೂಡಿಸುತ್ತಾರೆ. ಹೀಗೆ ಹೇಳುತ್ತ ಹೇಳುತ್ತ ಅವರು ಎದ್ದು, ಹಳೆಯ ಮೇಷ್ಟರ ಅಭ್ಯಾಸದಿಂದ, ಚಾರ್ಟಿನ ಮೇಲಿನ 'ನಿಜವಾದ ಬಣ್ಣಗಳು' ಎಂಬುದರ ಮೇಲೆ ಕೆಂಪು ಗೆರೆ ಎಳೆದರು.

ತಾನು ಸರಿ ಎಂದು ನಾಲ್ಕು ಜನರ ಎದುರು ಸಾಬೀತಾದದ್ದು ಮೋನಪ್ಪನವರ ಬದುಕಿನಲ್ಲಿ ಹೆಚ್ಚು ಸಲ ನಡೆದಿರಲಿಲ್ಲ. ಈಗ ನಡೆದಾಗ ಆ ಸಂತೋಷವನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಯಾಕೆಂದರೆ ಮೊಮ್ಮಗಳು ಆ ಕೆಂಪು ಗೆರೆಯನ್ನೇ ನೋಡುತ್ತ ನಿಂತಿದ್ದಳು.

ಮನೆಗೆ ಬರುವಾಗ ಅವಳು ಹತ್ತು ಹೆಜ್ಜೆ ಮುಂದೆಯೇ ನಡೆದಳು. ಬಂದವಳೇ ಬ್ಯಾಗು ಎಸೆದು ಅಳುತ್ತ ಕುಳಿತಳು. "ಎಲ್ಲಾ ಚೀಟಿಂಗ್. ಫಾರ್ಟಿ ಪೀಪಲ್‌ಗೆ ರಿಯಲ್ ಅಂತ ಹೇಳಿದ್ದೇನೆ ನಾನು. ನಾಳೆ ನಾನು ಹೋಗಲ್ಲ."

ವಿಮಲಾ ಗಂಡನ ಕಡೆ ತಿರುಗಿದರು. "ಒಂದು ದಿನ ಬಾಯಿ ಮುಚ್ಚಿ ಕೂತುಕೊಳ್ಳಲಿಕ್ಕೆ ಆಗುವುದಿಲ್ಲವಾ ನಿಮಗೆ?"

"ಚೀಟಿಂಗ್ ಅಲ್ಲ ಮಗಾ ಅದು," ಎಂದರು ಮೋನಪ್ಪನವರು. "ಕೇಳು. ಸ್ಟುಡಿಯೋದಲ್ಲಿ ಪ್ರತಿ ಫೋಟೋಕ್ಕೂ ಒಂದು ಕವರು ಇರ್ತಿತ್ತು. ಕವರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿರ್ತಿದ್ರು, ಸೀರೆ ಗಿಳಿಹಸಿರು, ಅಂಚು ಅರಗಿನ ಬಣ್ಣ, ಮೂಗುಬೊಟ್ಟು ಕೆಂಪು ಕಲ್ಲು ಅಂತ. ಕೆಮರಾಕ್ಕೆ ಕಾಣದ್ದನ್ನು ಹುಡುಗಿಯನ್ನೇ ಕೇಳಿ ಬರೆದದ್ದು. ಬರೆದ ಬಣ್ಣ ಬಿಟ್ಟು ಬೇರೆ ಹಾಕಿದ್ರೆ ಅದು ಮೋಸ. ಬರೆದದ್ದನ್ನೇ ಹಾಕಿದ್ರೆ ಎಂತ ಮೋಸ? ಆ ಸಾರ್ ಹೇಳಿದ್ದು ಕೇಳಿದೆಯಲ್ಲ, ಅಲ್ಲಿಯೂ ಕ್ರಮ ಉಂಟು. ಉದ್ದಕ್ಕೆ ಕೆಂಪು, ಗಿಡ್ಡಕ್ಕೆ ನೀಲಿ."

"ನಕ್ಷತ್ರದ ಬಣ್ಣ ಹೇಳ್ಲಿಕ್ಕೆ ಬಂದಿದ್ದಾರೆ," ಎಂದರು ವಿಮಲಾ. "ಕಟ್ಟಿಕೊಂಡ ಹೆಂಡತಿಯ ಧಾರೆ ಸೀರೆಗೆ ನೀಲಿ ಬಳಿದವರು."

ಇದು ಈ ಮನೆಯ ಹಳೆಯ ವ್ಯಾಜ್ಯ. ಮದುವೆಯ ಫೋಟೋಕ್ಕೆ ಮೋನಪ್ಪನವರೇ ಬಣ್ಣ ಹಾಕಿದ್ದರು. ಸ್ವಂತದ್ದಲ್ಲವೇ ಎಂದು ಕವರಿನ ಮೇಲೆ ಏನೂ ಬರೆದುಕೊಂಡಿರಲಿಲ್ಲ. ಮದುಮಗಳ ಸೀರೆಯನ್ನು ಬಿಟ್ಟು ಉಳಿದದ್ದೆಲ್ಲ ನೆನಪಿತ್ತು. ಆ ವಾರ ಸ್ಟುಡಿಯೋದಲ್ಲಿ ನೀಲಿ ಹೆಚ್ಚಿತ್ತು.

ನಿಖಿತಾ ಅಳು ನಿಲ್ಲಿಸಿ ಗೋಡೆಯ ಮೇಲಿನ ಫೋಟೋ ನೋಡಿ ಅಜ್ಜಿಯ ಕಡೆ ತಿರುಗಿದಳು. "ಅದು ಬ್ಲೂ ಸಾರಿ ಅಲ್ಲವಾ ಪಾಟೀ? ಮತ್ತೆ ಯಾವ ಕಲರ್?"

"ಅದು..." ಎಂದು ವಿಮಲಾ ಬಾಯಿ ತೆರೆದರು. ಫೋಟೋದ ಹತ್ತಿರ ಹೋದರು. "ಹಸಿರು... ಅಲ್ಲ. ನೇರಳೆಯಾ..." ಸೆರಗಿನಲ್ಲಿ ಗಾಜು ಒರೆಸಿದರು. ಸಣ್ಣ ದನಿಯಲ್ಲಿ ಹೇಳಿದರು, "ದಿನಾ ಇದನ್ನೇ ನೋಡಿ ನೋಡಿ ನನಗೂ ಈಗ ನೀಲಿಯೇ ಬರ್ತದೆ ಕಣ್ಣಿಗೆ. ನೀಲಿ ಅಲ್ಲ ಅಂತ ಮಾತ್ರ ಗೊತ್ತುಂಟು."

"ಆ ಸಾರಿ ಎಲ್ಲಿ?"

"ಹಳೆ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಕೊಟ್ಟೆ, ನಿನ್ನ ಅಪ್ಪ ಸಣ್ಣವನಿರುವಾಗ. ಮೊಸರಿಗೆ ಹೆಪ್ಪು ಹಾಕುವ ಸ್ಟೀಲ್ ಪಾತ್ರೆ ಉಂಟಲ್ಲ, ಅದು ಅದೇ ಸೀರೆ."

ನಿಖಿತಾಳಿಗೆ ನಗು ತಡೆಯಲಾಗಲಿಲ್ಲ. ಮೋನಪ್ಪನವರಿಗೂ ನಗು ಬಂದಿತ್ತು. ಆದರೆ ಅವರಿಗೆ ಅನುಭವವಿತ್ತು, ನಗಲಿಲ್ಲ.

"ಕಲರ್ ಬಿಟ್ಟರೆ ಮಿಕ್ಕಿದ್ದೆಲ್ಲ ರಿಯಲ್ಲಾ ತಾತಾ?"

"ಮುಖ ನಿನ್ನ ಅಜ್ಜಿಯದ್ದೇ. ಮುಖದ ಮೇಲಿನ ಸಿಟ್ಟೂ ಅವಳದ್ದೇ. ಅದಕ್ಕೆ ನಾನು ಕೈ ಹಚ್ಚಲಿಲ್ಲ."

ನಿಖಿತಾ ಕಣ್ಣು ಒರೆಸಿಕೊಂಡಳು. ಆಮೇಲೆ ಎದ್ದು ಕಂಪ್ಯೂಟರ್ ಹಾಕಿದಳು. ಮೋಡದ ಚಿತ್ರವನ್ನು ಕಪ್ಪು ಬಿಳುಪಿಗೆ ತಿರುಗಿಸಿ, "ತಾತಾ, ನಿಮಗೆ ಯಾವ ಪೇಪರ್ ಬೇಕು?" ಎಂದು ಕೇಳಿದಳು.

"ಹೊಳಪು ಇಲ್ಲದ್ದು," ಎಂದು ಮೋನಪ್ಪನವರು ಹೇಳಿ, ಆ ಮೇಲಷ್ಟೇ ತಾನು ಏನು ಒಪ್ಪಿಕೊಂಡೆನೆಂದು ತಿಳಿದು ತಮ್ಮ ಬೆರಳುಗಳನ್ನು ನೋಡಿಕೊಂಡರು.

ಶನಿವಾರ ಬೆಳಗ್ಗೆ ಮೇಜಿನ ಮೇಲೆ ಮಂಕಾದ ಬೂದು ಮೋಡ, ಸ್ಟೇಷನ್ ರಸ್ತೆಯ ಅಂಗಡಿಯಿಂದ ತಂದ ಎಣ್ಣೆಬಣ್ಣದ ಟ್ಯೂಬುಗಳು, ಸ್ವಲ್ಪ ಅಗಸೆ ಎಣ್ಣೆ, ಬಿದಿರ ಕಡ್ಡಿಗೆ ವಿಮಲಾ ಸುತ್ತಿಕೊಟ್ಟ ಹತ್ತಿ. ಚಾರ್ಟಿನ ಮೇಲೆ ಕೆಂಪು ಗೆರೆ ಹಾಗೇ ಇತ್ತು. ಅದರ ಪಕ್ಕದಲ್ಲಿ ನಿಖಿತಾ ಬರೆದಿದ್ದಳು: ಬಣ್ಣ ಹಾಕುವುದು ಹೇಗೆಂದು ಇಲ್ಲಿ ನೋಡಿ.

ಮೋನಪ್ಪನವರು ಮಾತ್ರ ಕೈ ಕಟ್ಟಿ ಕುಳಿತಿದ್ದರು. ಬರೆದು ಕೊಡದೆ ಹಾಕುವುದಿಲ್ಲ ಎಂದು ಹಟ. ನಿಖಿತಾ ಇಡೀ ಹಾಲು ಓಡಾಡಿ ಬದರಿನಾಥರನ್ನು ಕರೆತಂದಳು. ಅವರು ಒಂದು ಹಳೆಯ ಕವರಿನ ಹಿಂಭಾಗದಲ್ಲಿ ಗಂಭೀರವಾಗಿ ಬರೆದರು: ಕೆಳಗಿನ ಧೂಳು ಕಂದುಗೆಂಪು, ಮೇಲಿನ ಅನಿಲ ನೀಲಿ, ನಡುವಿನ ಆವಿ ತೆಳು ಬಿಳಿ. ಬರೆದು ಸಹಿಯನ್ನೂ ಹಾಕಿದರು. ಮೋನಪ್ಪನವರು ಅದನ್ನು ಎರಡು ಸಲ ಓದಿ, ಎದುರಿಗೆ ನಿಲ್ಲಿಸಿಕೊಂಡು, ಬಲಗೈಯ ಮಣಿಕಟ್ಟನ್ನು ಎಡಗೈಯ ಮೇಲೆ ಊರಿ ಶುರು ಮಾಡಿದರು.

ಹತ್ತು ನಿಮಿಷದಲ್ಲಿ ರೋಬೋಟಿನ ಹತ್ತಿರ ಕೈ ಕುಲುಕುವವರು ಯಾರೂ ಉಳಿಯಲಿಲ್ಲ. ಅದು ಖಾಲಿ ಗಾಳಿಗೆ ಕೈ ಚಾಚುತ್ತಿತ್ತು. ಮೇಜಿನ ಸುತ್ತ ತಲೆಗಳೇ ತಲೆಗಳು. ಬೂದು ಬಣ್ಣದ ಮೇಲೆ ಹತ್ತಿ ಸವರುತ್ತ ಹೋದ ಹಾಗೆ ಬೆಟ್ಟ ಎದ್ದು ಬಂತು.

"ತಾತಾ, ಅಲ್ಲಿ ಪಿಂಕ್ ಹಾಕಿ," ಎಂದ ಧನುಷ್ ಎಂಬ ಆರನೆಯ ಕ್ಲಾಸಿನವನು.

"ಬರೆದಿಲ್ಲ," ಎಂದರು ಮೋನಪ್ಪನವರು.

ಮೂರನೆಯ ಕ್ಲಾಸಿನ ಒಬ್ಬಳು ಮೇಜಿನ ಅಂಚಿಗೆ ಗದ್ದ ಊರಿ ತುಂಬ ಹೊತ್ತು ನೋಡಿದಳು. "ಇದರಲ್ಲಿ ನಾವು ಎಲ್ಲಿದ್ದೇವೆ?"

ನಿಖಿತಾ ಬದರಿನಾಥರ ಮುಖ ನೋಡಿದಳು. ಬದರಿನಾಥರು ಗಂಟಲು ಸರಿಮಾಡಿಕೊಂಡು ಎಲ್ಲಿಂದ ಶುರು ಮಾಡುವುದೆಂದು ಯೋಚಿಸುತ್ತಿದ್ದರು.

"ನಾವು ಇದರಲ್ಲಿ ಇಲ್ಲ," ಎಂದರು ಮೋನಪ್ಪನವರು, ತಲೆ ಎತ್ತದೆ. "ಫೋಟೋ ತೆಗೆಯುವವನು ಫೋಟೋದಲ್ಲಿ ಇರುವುದಿಲ್ಲ."

ಹುಡುಗಿ ಅದನ್ನು ಒಪ್ಪಿದಂತೆ ಕಂಡಿತು. ಬದರಿನಾಥರು ಕನ್ನಡಕ ತೆಗೆದು ಒರೆಸಿಕೊಂಡರು.

ಕೊನೆಗೆ ಉಳಿದದ್ದು ಬೆಟ್ಟದ ಅಂಚು. ಕಂದು ನೀಲಿಗೆ ಸೇರುವ ಜಾಗ. ಮೋನಪ್ಪನವರು ಹೊಸ ಹತ್ತಿ ಸುತ್ತಿಕೊಂಡು, ಉಸಿರು ಹಿಡಿದು, ಎರಡನ್ನೂ ಒಂದರೊಳಗೊಂದು ಕರಗಿಸುತ್ತ ಬಂದರು. ಯಾವುದೋ ದೇಶದಲ್ಲಿ ಹೆಸರು ತಿಳಿಯದ ಯಾರೋ ಒಬ್ಬರು ಇದೇ ಜಾಗಕ್ಕೆ ಬಂದಾಗ ಹೀಗೇ ಉಸಿರು ಹಿಡಿದಿದ್ದಿರಬೇಕು. ಅವರು ಗಂಡಸೋ ಹೆಂಗಸೋ, ಕೆಲಸ ಮುಗಿದ ಮೇಲೆ ಕಾಫಿ ಕುಡಿದರೋ ಏನೋ. ಮೋನಪ್ಪನವರಿಗೆ ಅವರನ್ನು ಒಮ್ಮೆ ಕಾಣಬೇಕೆನಿಸಿತು. ಕಂಡರೆ ಹೇಳಲು ದೊಡ್ಡ ಮಾತೇನೂ ಇರಲಿಲ್ಲ. ಅಂಚು ಚೆನ್ನಾಗಿ ಬಂದಿದೆ ಎಂದಷ್ಟೇ.

ಮೊದಲ ಬಹುಮಾನ ಚರಂಡಿ ನೀರಿಗೆ ಬಂತು. ಎರಡನೆಯದು ರೋಬೋಟಿಗೆ. ನಿಖಿತಾಳಿಗೆ ಸಮಾಧಾನಕರ ಪ್ರಶಸ್ತಿಪತ್ರ ಸಿಕ್ಕಿತು. ಅದರಲ್ಲಿ ಅವಳ ಹೆಸರನ್ನು 'ನಿವೇದಿತಾ' ಎಂದು ಬರೆದಿದ್ದರು. ಅವಳು ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಎಣ್ಣೆಬಣ್ಣ ಒಣಗಲು ಎರಡು ದಿನವಾದರೂ ಬೇಕು. ಚಿತ್ರವನ್ನು ಸುರುಳಿ ಸುತ್ತುವ ಹಾಗಿಲ್ಲ, ನಿಲ್ಲಿಸಿ ಹಿಡಿಯುವ ಹಾಗಿಲ್ಲ. ರಟ್ಟಿನ ಮೇಲೆ ಮಲಗಿಸಿ, ಮುಂದೆ ಮೊಮ್ಮಗಳು, ಹಿಂದೆ ಅಜ್ಜ, ಇಬ್ಬರೂ ನಾಲ್ಕು ಕೈಯಲ್ಲಿ ಹೊತ್ತುಕೊಂಡು ಹೊರಟರು. ಸಂಜೆಯ ಟ್ರೈನು ಆಗಷ್ಟೇ ಬಂದಿತ್ತು. ಮಾಂಬಲಂ ಸ್ಟೇಷನ್ನಿನಿಂದ ಜನ ಗಲ್ಲಿಯ ತುಂಬ ಎದುರಿಗೆ ಬರುತ್ತಿದ್ದರು. ತಟ್ಟೆಯಂತೆ ಮಟ್ಟವಾಗಿ ಬರುತ್ತಿದ್ದ ರಟ್ಟನ್ನು ಕಂಡು ದಾರಿ ಬಿಟ್ಟರು. ಹೂವಿನವಳು ಬುಟ್ಟಿ ಎತ್ತಿ ಪಕ್ಕಕ್ಕಿಟ್ಟಳು.

"ಏನು ತಾತಾ, ಕೇಕಾ?" ಎಂದು ಆಟೋದವನು ಕೇಳಿದ.

"ಅಲ್ಲ," ಎಂದರು ಮೋನಪ್ಪನವರು.

ತಿರುವಿನಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದರು. ಗೋಡೆಯ ತುಂಡೊಂದು ಬಿದ್ದು ಸುಣ್ಣದ ಧೂಳು ಗಲ್ಲಿಗೆಲ್ಲ ಹರಡಿತು. ಇಬ್ಬರೂ ಬಗ್ಗಿ ಮೈಯಲ್ಲಿ ಮರೆ ಮಾಡಿದರು, ಆದರೂ ನಾಲ್ಕಾರು ಬಿಳಿ ಕಣಗಳು ಹಸಿ ನೀಲಿಯ ಮೇಲೆ ಕುಳಿತವು. ನಿಖಿತಾ ಊದಲು ಕೆನ್ನೆ ಉಬ್ಬಿಸಿದಳು.

"ಊದಬೇಡ, ಹರಡ್ತದೆ. ಇರ್ಲಿ ಬಿಡು."

ಅವಳು ಮುಖ ಹತ್ತಿರ ತಂದು ನೋಡಿದಳು. ಯಾವುದು ಮೊದಲೇ ಇದ್ದ ನಕ್ಷತ್ರ, ಯಾವುದು ಈಗ ಬಂದ ಧೂಳು ಎಂದು ತಿಳಿಯಲಿಲ್ಲ. ಎದುರು ಬಂದ ಬಸ್ಸು ಹೋಗುವವರೆಗೆ ಇಬ್ಬರೂ ರಸ್ತೆಯ ಅಂಚಿನಲ್ಲಿ ನಿಂತರು. ಅಜ್ಜ ತಲೆಯಾಡಿಸಿದ ಮೇಲೆ, ಚಿತ್ರ ಎತ್ತಲೂ ವಾಲದಂತೆ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ರಸ್ತೆ ದಾಟಿದರು.