ಮೊಂಬಾಸಾ ಮನೆಯ ಕಾಗೆ

ಕಡಲಿಗೂ ಕಾಗೆಗೂ ಇನ್ನೂ ಮಾತುಕತೆಯಿದ್ದ ಕಾಲವಂತೆ. ಒಬ್ಬ ತನ್ನ ಮನೆಯನ್ನೇ ನನ್ನದಲ್ಲ ಅಂದುಬಿಟ್ಟನಂತೆ. ವರ್ಷ ವರ್ಷವೂ ಅಂದನಂತೆ. ಮನೆ ಎಷ್ಟು ದಿನ ಅಂತ ಸಹಿಸೀತು? ಒಂದು ದಿನ ಎದ್ದು, ನೀರಿಗಿಳಿದು, ಅವನನ್ನು ಹುಡುಕಿಕೊಂಡು ಹೊರಟೇಬಿಟ್ಟಿತಂತೆ.

ಅಜ್ಜಿ ಈ ಕತೆ ಹೇಳುವಾಗೆಲ್ಲ ಸುಮಿತ್ರಾ "ಆಮೇಲೆ?" ಅನ್ನುತ್ತಿದ್ದಳು. ಅಷ್ಟರಲ್ಲಿ ಅಜ್ಜಿಗೆ ನಿದ್ದೆ ಹತ್ತಿರುತ್ತಿತ್ತು. ಆಮೇಲಿನದು ಅವಳಿಗೆ ಗೊತ್ತಾದದ್ದು ಬೊಂಬಾಯಿಯ ಆಂಟಾಪ್ ಹಿಲ್ಲಿನಲ್ಲಿ, ಅಪ್ಪ ಶಾಮಣ್ಣ ತೀರಿಕೊಂಡ ಎಪ್ಪತ್ತೈದನೇ ಇಸವಿಯಲ್ಲಿ.

ಶಾಮಣ್ಣ ಹರೆಯದಲ್ಲಿ ಮೊಂಬಾಸಾದ ಹಡಗು ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದ. ಅಲ್ಲೊಂದು ಮನೆ ಕೊಂಡಿದ್ದ: ಹವಳದ ಕಲ್ಲಿನ ಬಿಳಿ ಗೋಡೆ, ಹಸಿರು ಕಿಟಕಿ, ಸಮುದ್ರಕ್ಕೆ ಇಳಿಯುವ ಮೆಟ್ಟಿಲು. ಬೊಂಬಾಯಿಗೆ ಬಂದು ಫೋರ್ಟಿನಲ್ಲಿ ನೌಕರಿ ಹಿಡಿದ ಮೇಲೂ ಅದರ ಬಾಡಿಗೆ ಅಲ್ಲಿಯ ಬ್ಯಾಂಕಿನಲ್ಲೇ ಬೀಳುತ್ತಿತ್ತು. ಆದಾಯ ತೆರಿಗೆಯವರಿಗೆ ಮಾತ್ರ, ಸಂಬಳ ಬಿಟ್ಟರೆ ತನಗೆ ಬೇರೇನೂ ಇಲ್ಲವೆಂದು ರುಜು ಹಾಕಿಕೊಡುತ್ತಿದ್ದ.

ಹತ್ತನೇ ದಿನ ಬಾಣಗಂಗೆ ಕೊಳದ ದಡದಲ್ಲಿ ಪಿಂಡ ಇಟ್ಟರೆ ಕಾಗೆಗಳು ಸಾಲಾಗಿ ಕೂತು ನೋಡಿದವೇ ಹೊರತು ಮುಟ್ಟಲಿಲ್ಲ.

"ಹೋದವರಿಗೆ ಏನೋ ಆಸೆ ಉಳಿದಿದೆ. ಮಾತು ಕೊಡಿ," ಅಂದರು ಪುರೋಹಿತರು.

ಗಂಡುಮಕ್ಕಳಿಲ್ಲದ ಅಣ್ಣನ ಕರ್ಮಕ್ಕೆ ಕೂತಿದ್ದ ಚಿಕ್ಕಪ್ಪ ತಿರುಮಲೇಶ ಕೈ ಮುಗಿದ. "ಸುಮೀ ಮದುವೆ ಮಾಡ್ತೀನಣ್ಣ." ಕಾಗೆಗಳು ಅಲ್ಲಾಡಲಿಲ್ಲ. "ಅತ್ತಿಗೇನ ನೋಡ್ಕೋತೀನಿ." ಊಹೂಂ. "ಕಾಶಿಗೆ ಹೋಗ್ಬರ್ತೀನಿ, ಸಾಕಾ?" ಒಂದು ಕಾಗೆ ಬೆನ್ನು ತಿರುಗಿಸಿ ಕೂತಿತು.

ಹೊತ್ತು ನೆತ್ತಿಗೇರಿತು. ಇನ್ನು ದರ್ಭೆಯ ಕಾಗೆ ಮಾಡಿ ಮುಟ್ಟಿಸಿ ಮುಗಿಸೋಣವೆಂದು ಪುರೋಹಿತರು ಹುಲ್ಲಿಗೆ ಕೈ ಹಾಕಿದರು. ಆಗ ದೂರ ನಿಂತಿದ್ದ ಸುಮಿತ್ರಾಳಿಗೆ ಆಸ್ಪತ್ರೆಯಲ್ಲಿ ಅಪ್ಪ ಅಂದದ್ದು ನೆನಪಾಯಿತು: "ಆ ಮನೆ ನಂದು ಅಂತ ಒಂದ್ಸಲ ಹೇಳ್ಬೇಕಾಗಿತ್ತು ಮಗಳೇ."

"ನಾನು ಹೇಳ್ತೀನಪ್ಪಾ," ಅಂದಳು, ತುಟಿಯೊಳಗೇ.

ಎಲ್ಲಿಂದಲೋ ಒಂದು ಕಾಗೆ ಬಂದು ಒಂದೇ ಅಗುಳು ಕಚ್ಚಿ ಹಾರಿತು. ಬಿಸಿಲು ಸುಡುತ್ತಿತ್ತು. ಅದರ ರೆಕ್ಕೆಯಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು.

"ಕಾಶಿ ಅಂದಿದ್ದಕ್ಕೇ ಬಂತು ನೋಡಿ!" ಅಂದ ಚಿಕ್ಕಪ್ಪ.

ಮಾತು ಕೊಟ್ಟಳೇನೋ ಸರಿ, ತೆರಿಗೆಯವರಿಗೆ ಹೇಳಲು ಹೊರಟರೆ ಚಿಕ್ಕಪ್ಪ ಬಿಡಬೇಕಲ್ಲ. "ಹುಚ್ಚೇನೇ ನಿಂಗೆ? ಜೈಲಿಗೆ ಹಾಕ್ತಾರೆ! ನನಗೆ ಗೊತ್ತಿರೋನೊಬ್ಬ ಸದ್ದಿಲ್ದೆ ದುಡ್ಡು ಇಲ್ಲಿಗೆ ತರಿಸ್ತಾನೆ. ಜೋಗೇಶ್ವರೀಲಿರೋ ನನ್ನ ಕಾರ್ಖಾನೆ ಷೆಡ್ಡಿಗೊಂದು ಮಿಷನ್ನೂ ಆಗತ್ತೆ, ನಿನ್ನ ಮದುವೇನೂ ಆಗತ್ತೆ." ಅಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಒಳಗೆ ಹೋದಳು.

ಮಾರನೆಯ ದಿನದಿಂದ ಕಾಗೆ ಅಡುಗೆಮನೆಯ ಕಿಟಕಿಗೆ ಬರತೊಡಗಿತು. ಮಳೆಗಾಲ ಮುಗಿದು ಎಷ್ಟೋ ದಿನವಾಗಿತ್ತು, ಅದು ಮಾತ್ರ ತೊಯ್ದು ತೊಪ್ಪೆಯಾಗಿಯೇ ಬರುತ್ತಿತ್ತು. ಅನ್ನ ಇಟ್ಟರೆ ಮೂಸಿಯೂ ನೋಡದು. ಅದು ಕೂತೆದ್ದ ಜಾಗ ಒಣಗಿದರೆ ಬೆಳ್ಳಗೆ. ಸುಮಿತ್ರಾ ಬೆರಳಲ್ಲಿ ತೆಗೆದು ನಾಲಿಗೆಗಿಟ್ಟುಕೊಂಡಳು. ಉಪ್ಪು.

ಆಮೇಲೆ ಗೋಡೆಯ ಸುಣ್ಣ ಉದುರಿ ಒಳಗಿಂದ ತೂತುತೂತಾದ ಬಿಳಿ ಕಲ್ಲು ಇಣುಕಿತು. ಕಂದು ಬಣ್ಣದ ಕಿಟಕಿ ಅಂಚಿನಲ್ಲಿ ಹಸಿರಾಗುತ್ತ ಬಂತು. "ಪಾಚಿ ಕಣೇ," ಅಂದಳು ಅಮ್ಮ. ಉಜ್ಜಿದರೆ ಹೋಗಲಿಲ್ಲ. ಬಾಗಿಲು ತೆರೆದರೆ ಲವಂಗದ ವಾಸನೆ.

ಬಚ್ಚಿಟ್ಟ ಆದಾಯವನ್ನು ವರ್ಷ ಮುಗಿಯುವುದರೊಳಗೆ ತಾವಾಗಿ ಬಂದು ಹೇಳಿದವರಿಗೆ ಜೈಲಿಲ್ಲವೆಂದು ಸರ್ಕಾರ ಸಾರಿತ್ತು. ಡಿಸೆಂಬರ್ ಬಂದರೂ ಸುಮಿತ್ರಾ ನಾಳೆ, ನಾಡಿದ್ದು ಅನ್ನುತ್ತಲೇ ಇದ್ದಳು. ಒಂದು ಬೆಳಿಗ್ಗೆ ಅಮ್ಮ ಹಿತ್ತಲ ಕಡೆಯಿಂದ ನಗುನಗುತ್ತ ಬಂದಳು.

"ಸುಮೀ, ಕೆಳಗೆ ಮೆಟ್ಟಿಲ ಹತ್ರ ಯಾರೋ ಬಾಡಿಗೆ ಕೊಡೋಕೆ ನಿಂತಿದಾರೆ. ಅರ್ಧ ಇಳಿದೆ, ಕಾಲು ನೋವು ಬಂತು. ನಾಳೆ ಪೂರ್ತಿ ಇಳಿದು ಇಸ್ಕೊಂಡು ಬರ್ತೀನಿ."

ಅವರದು ನೆಲಮಹಡಿ. ಕೆಳಗೆ ಮೆಟ್ಟಿಲೇ ಇರಲಿಲ್ಲ. ಅಮ್ಮನ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

ಸುಮಿತ್ರಾ ಊಟದ ಡಬ್ಬಿಯನ್ನಷ್ಟೇ ಎತ್ತಿಕೊಂಡು, ಸೀರೆ ಬದಲಿಸಲೂ ಬಿಡದೆ ಅಮ್ಮನ ಕೈ ಹಿಡಿದು ಹೊರಟಳು. ಗೇಟಿನಲ್ಲಿ ಚಿಕ್ಕಪ್ಪ ಎದುರಾದ. "ನಿನ್ನ ಮದುವೆ ದುಡ್ಡು ಕಣೇ ಅದು!"

"ಮದುವೆ ಅಂದಾಗ ಕಾಗೆ ಮುಟ್ಲಿಲ್ವಲ್ಲ ಚಿಕ್ಕಪ್ಪ."

ತೆರಿಗೆ ಕಚೇರಿಯಲ್ಲಿ ಜನ ಗಿಜಿಗುಟ್ಟುತ್ತಿದ್ದರು. ಮೇಜಿನ ಹಿಂದಿನ ಕಿಟಕಿಯಲ್ಲಿ ಕಾಗೆ ಆಗಲೇ ಬಂದು ಕೂತಿತ್ತು. ಅದರ ನೀರು ಗೋಡೆಯುದ್ದಕ್ಕೂ ಇಳಿಯುತ್ತಿತ್ತು. ಅಮ್ಮ ನೆಲವನ್ನೇ ದಿಟ್ಟಿಸುತ್ತಿದ್ದಳು. "ಇಲ್ಲೂ ಮೆಟ್ಟಿಲಿದೆ ಸುಮೀ," ಅಂದು ಒಂದು ಕಾಲು ಮುಂದಿಟ್ಟಳು. ಸುಮಿತ್ರಾ ಅವಳ ರಟ್ಟೆ ಬಿಗಿಯಾಗಿ ಹಿಡಿದಳು.

ಸಾಹೇಬರು ತಲೆಯೆತ್ತದೆ, ಪರದೇಶದ ಮನೆ ಯಾರದೆಂದು ಹಿಂದಿಯಲ್ಲಿ ಕೇಳಿದರು, "ಪರದೇಸ್ ಮೇ ಮಕಾನ್? ಕಿಸ್ಕಾ ಹೈ?"

ದಾರಿಯುದ್ದಕ್ಕೂ ಉರುಹೊಡೆದಿದ್ದ ಹಿಂದಿ ಆ ಗಳಿಗೆಗೆ ಮರೆತೇಹೋಯಿತು. "ನಮ್ಮಪ್ಪಂದು," ಎಂದಳು ಕನ್ನಡದಲ್ಲೇ, ಇಡೀ ಹಾಲಿಗೆ ಕೇಳುವ ಹಾಗೆ. "ಮನೆ ನಮ್ಮಪ್ಪಂದು. ಬಾಡಿಗೇನೂ. ಬ್ಯಾಂಕಲ್ಲಿರೋದೂ."

ಆಮೇಲೆ ಹಿಂದಿಯಲ್ಲಿ ಹೇಳಿ, ಇದ್ದದ್ದೆಲ್ಲ ಬರೆಸಿದಳು. ಅಮ್ಮ ರುಜು ಹಾಕಿದಳು. ಸಾಹೇಬರು ಮೊಹರು ಒತ್ತಿದರು.

ಅಮ್ಮ ಕಿವಿ ನಿಮಿರಿಸಿದಳು. "ಕೆಳಗೆ ಯಾರೋ ಬಾಗಿಲು ಹಾಕ್ಕೊಂಡ್ರು," ಅಂದಳು ಮೆಲ್ಲಗೆ. ಮುಂದಿಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡಳು.

ಸುಮಿತ್ರಾ ಡಬ್ಬಿ ತೆರೆದು ಒಂದು ತುತ್ತು ಮೊಸರನ್ನ ಕಿಟಕಿಯಲ್ಲಿಟ್ಟಳು. ಕಾಗೆ ಗರಿ ಕೊಡವಿತು. ಒಂದು ಹನಿಯೂ ಸಿಡಿಯಲಿಲ್ಲ. ಕುತ್ತಿಗೆ ಓರೆ ಮಾಡಿ ಅವಳನ್ನೊಮ್ಮೆ ನೋಡಿ, ಕೊನೆಯ ಅಗುಳಿನವರೆಗೂ ತಿಂದಿತು.