ಒಂದೇ ಕಡೆ ತೂತಿನ ಮಣಿ

ಜನವರಿಯ ಸಂಜೆ ಆರು ಗಂಟೆ. ನೀರಿನ ತಂಬಿಗೆ ಹಿಡಿದು ಬಂದವಳು ಆಯಿಯ ಅಂಗೈ ನೋಡಿ ಅಲ್ಲೇ ನಿಂತೆ. ಒಂದು ಗುಳಿಗೆ ಇರಬೇಕಿದ್ದಲ್ಲಿ ಎರಡಿದ್ದವು.

ಆಯಿ ಎಂದರೆ ಅಪ್ಪನ ತಾಯಿ, ಜಿನಮತಿ. ಮೂರು ದಿನದ ಹಿಂದೆ ಅವಳ ಹಣೆಯ ಬಲಭಾಗದಲ್ಲಿ ಸರ್ಪಸುತ್ತು ಎದ್ದು, ನೀರುಗುಳ್ಳೆಗಳು ರೆಪ್ಪೆಯ ತನಕ ಇಳಿದಿದ್ದವು. ಕೆಮ್ಮಣ್ಣು ಬಳಿಯೋಣ ಎಂದವರ ಮಾತು ಕೇಳದೆ ಅಪ್ಪ ಮರುದಿನವೇ ಅವಳನ್ನು ಕಾಗವಾಡದಿಂದ ಗಡಿಯಾಚೆಯ ಮಿರಜಕ್ಕೆ ಕರೆದೊಯ್ದರು. ಅಲ್ಲಿನ ಕಣ್ಣಿನ ಡಾಕ್ಟರರು ಏಳು ದಿನದ ಗುಳಿಗೆ ಬರೆದರು. ನಾಲ್ಕು ತಾಸಿಗೊಂದರಂತೆ ದಿನಕ್ಕೆ ಐದು, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ. ತಪ್ಪಿದರೆ ಕಣ್ಣು ಹೋಗಬಹುದು ಎಂದಿದ್ದರು. ಬಿ.ಎಸ್ಸಿ. ಓದಿದವಳೆಂದು ಆ ಜವಾಬ್ದಾರಿ ನನಗೆ ಬಂತು. ದಿನಾ ಡೈರಿಯಲ್ಲಿ ಐದು ಗೀಟು ಎಳೆಯುತ್ತಿದ್ದೆ. ರಾತ್ರಿ ಹತ್ತರ ಗೀಟನ್ನು ಮಾತ್ರ ಗುಳಿಗೆ ಪಟ್ಟಿ ಖಾಲಿಯಾದದ್ದು ನೋಡಿ ಎಳೆದಿದ್ದೆ, ಅವಳನ್ನು ಕೇಳಿರಲಿಲ್ಲ. ಮೂವತ್ತು ವರ್ಷದಿಂದ ಸೂರ್ಯ ಮುಳುಗಿದ ಮೇಲೆ ಹನಿ ನೀರೂ ಮುಟ್ಟದವಳು ಹತ್ತು ಗಂಟೆಗೆ ಗುಳಿಗೆ ಹೇಗೆ ನುಂಗಿಯಾಳು? ಜೈನರ ಮನೆಯಲ್ಲೇ ಹುಟ್ಟಿದ ನನಗೆ ಅದು ಹೊಳೆಯಲಿಲ್ಲ.

ಅಂದು ಅವಳ ಮೂಗಿನ ತುದಿಯಲ್ಲೂ ಹೊಸ ಗುಳ್ಳೆ ಎದ್ದಿತ್ತು. ಮೂಗಿನ ತುದಿಗೆ ಹೋಗುವ ನರವೇ ಕಣ್ಣಿಗೂ ಹೋಗುತ್ತದೆ.

“ಐದು ಅಂದ್ರ ಐದು. ಹೊತ್ತು ಮುಳುಗೂದ್ರಾಗ ಮುಗಸ್ತೀನಿ,” ಎಂದಳು ಆಯಿ. ಅಂಗಳದಲ್ಲಿ ದ್ರಾಕ್ಷಿ ಕ್ರೇಟು ಇಳಿಸುತ್ತಿದ್ದ ಅಪ್ಪ, ಹೊಟ್ಟೆಗೇನು ಗಡಿಯಾರ ಕಟ್ಟಿದೆಯೇ ಎಂದು ನಕ್ಕರು.

ಬಿಸಿಲು ಹೊಸ್ತಿಲ ತನಕ ಸರಿದಿತ್ತು. ಆಯಿ ತಂಬಿಗೆಗೆ ಕೈ ಚಾಚಿದಳು. ನಾನು ಕೊಡಲಿಲ್ಲ.

ಅವಳ ಮಗ್ಗುಲಲ್ಲಿ ಅರ್ಧ ಪೋಣಿಸಿದ ಮಣಿ ತೋರಣ ಬಿದ್ದಿತ್ತು. ಅದನ್ನೇ ಎತ್ತಿಕೊಂಡೆ.

“ಆಯಿ, ಈ ಸರ್ಪಸುತ್ತಿನ ವೈರಸ್ ನಿನ್ನ ನರದಾಗ ಕುಂತು ಹಿಂಗ ಸರ ಪೋಣಸಾಕತ್ತೈತಿ, ತನ್ನಂಥಾದ್ದ ಇನ್ನೊಂದು ಮಾಡಾಕ. ಈ ಗುಳಿಗಿ ಒಂದ ಕಡೆ ತೂತಿರೂ ಮಣಿ. ಸೂಜಿ ಒಳಗ ಹೋಕ್ಕೈತಿ, ಆಚಿಗೆ ಬರಂಗಿಲ್ಲ. ಸರ ಅಲ್ಲೇ ನಿಲ್ಲತೈತಿ.”

ಹಾಗಾದರೆ ಎರಡು ನುಂಗಿದರೆ ಇನ್ನೂ ಚಲೋ ಅಲ್ಲವೇ ಎಂದಳು. ಅಲ್ಲ ಎಂದೆ. ಕೆಲವು ಔಷಧಗಳು ವೈರಸ್ಸನ್ನು ಬಾಗಿಲಲ್ಲೇ ತಡೆಯುತ್ತವೆ, ಫ್ಲೂ ಜ್ವರದ ಗುಳಿಗೆ ತಯಾರಾದದ್ದನ್ನು ಹೊರಗೆ ಹೋಗಗೊಡುವುದಿಲ್ಲ. ನಮ್ಮದು ನಡುವೆ, ಪೋಣಿಸುವಾಗ ತಡೆಯುವಂಥದ್ದು. ಆದರೆ ಈ ಸುಳ್ಳು ಮಣಿಗಳು ಕೆಲವೇ ತಾಸಿನಲ್ಲಿ ಮೂತ್ರದಲ್ಲಿ ಹೋಗಿಬಿಡುತ್ತವೆ. ಆಮೇಲೆ ಬೆಳಗಿನ ತನಕ ಪೋಣಿಸುವವನಿಗೆ ಅಡ್ಡಿಯಿಲ್ಲ.

“ಆ ವೈರಸ್ಸಿಗೆ ನಿನ್ನಂಗ ರಾತ್ರಿ ವ್ರತ ಇಲ್ಲ,” ಎಂದೆ.

ಆಯಿ ನನ್ನ ಕೈಲಿದ್ದ ತೋರಣದ ಮಣಿ ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು: “ಈ ಗುಳಿಗಿ ಆ ಜೀವಾನ ಕೊಲ್ಲತೈತೇನ?”

“ಇಲ್ಲ. ಹೆಚ್ಚಾಗಾಕ ಬಿಡಂಗಿಲ್ಲ, ಅಷ್ಟ. ಒಂದಿಷ್ಟು ನರದಾಗ ಮಲಗೇ ಇರತೈತಿ.”

ಕೊಲ್ಲುವ ಕೆಲಸ ನಮ್ಮ ರಕ್ತವೇ ಮಾಡುತ್ತದೆ ಎಂದು ಹೇಳಲಿಲ್ಲ. ಅವಳು ಕೇಳಿದ್ದು ಗುಳಿಗೆಯ ಬಗ್ಗೆ.

ಅಪ್ಪ ಈಗ ನಗುತ್ತಿರಲಿಲ್ಲ. ಡಾಕ್ಟರರಿಗೆ ಫೋನು ಹಚ್ಚಿ ನನ್ನ ಕೈಗೇ ಕೊಟ್ಟರು. ಫೋನೆಂದರೆ ಬೆವರುವ ನಾನು ನನ್ನ ಹರಕು ಮರಾಠಿಯಲ್ಲಿ ಮೂಗಿನ ಗುಳ್ಳೆಯನ್ನೂ, ನಾನೆಳೆದ ಸುಳ್ಳು ಗೀಟುಗಳನ್ನೂ ಹೇಳಿದೆ. ಅವರು ಬೈಯಲಿಲ್ಲ. ಈಗ ಒಂದೇ, ಹತ್ತಕ್ಕೆ ಇನ್ನೊಂದು, ಅದು ತಪ್ಪಲೇಬಾರದು. ಬೆಳಿಗ್ಗೆ ಕರೆತನ್ನಿ ಎಂದರು.

ಆಯಿ ಒಂದನ್ನು ನುಂಗಿ, ಇನ್ನೊಂದನ್ನು ಬಹಳ ಹೊತ್ತು ಹಿಡಿದು ಕೂತಳು. ಹೊಸ್ತಿಲ ಬಿಸಿಲು ಹೋಯಿತು. ಆಗ ಅದನ್ನು ನನ್ನ ಅಂಗೈಗೆ ಹಾಕಿದಳು.

“ಹತ್ತಕ್ಕ ಎಬ್ಬಸು. ನೀರ ಕಾಸಿ ಆರಿಸಿದ್ದಿರಲಿ. ಬಸದಿಗೆ ಮಾತಾಜಿ ಬಂದಾಗ ನಾನ ಹೇಳಿ ಪ್ರಾಯಶ್ಚಿತ್ತ ತಗೋತೀನಿ.”

ಮರುದಿನ ಮಿರಜದಲ್ಲಿ ಡಾಕ್ಟರರು ನೀಲಿ ದೀಪ ಹಿಡಿದು ನೋಡಿದರು. ಸೋಂಕು ಕಣ್ಣಿನ ಅಂಚಿಗೆ ಮುಟ್ಟಿದೆ, ನಡುವಿಗೆ ಬಂದಿಲ್ಲ. ಇನ್ನು ನಾಲ್ಕು ರಾತ್ರಿ ತಪ್ಪಬಾರದು ಎಂದರು.

ಆಯಿ ನನ್ನ ಕಡೆ ಬೆರಳು ತೋರಿಸಿದಳು. “ಅಕೀಗೆ ಹೇಳ್ರಿ. ಈಗ ಕಣ್ಣಿಲೆ ನೋಡಿ ಗೀಟ ಹೊಡಿತಾಳ.”